ಗುತ್ತೂರಿನ ಗೋಡೆ ದೀಪ

"ತಗಂಡು ಹೋಗಪ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರೆ ಒಂದು ಮಾತು ಪೂರಾ ಕೇಳು. ದಿನಾ ಹೊತ್ತು ಮುಳುಗೋ ಹೊತ್ತಿಗೆ ಇದನ್ನ ಮನುಷ್ಯರೇ ಕೈಲೆ ಹಚ್ಚಬೇಕು. ತಾನಾಗೇ ಹತ್ತಬಾರದು. ಒಂದು ದಿನ ತಾನಾಗೇ ಹತ್ತಿತು ಅಂದ್ರೆ ಮುಗೀತು, ಆ ಮನ್ಯಾಗೆ ದೀಪ ಹಚ್ಚೋರೇ ಇರಂಗಿಲ್ಲ."

ಗುತ್ತೂರಿನ ಅಂಜಿನವ್ವ ಇಷ್ಟು ಹೇಳಿ, ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೂ ನಿಲ್ಲಿಸಿ ರೇವಂತನ ಮುಖವನ್ನೇ ನೋಡಿದಳು. ಹೊರಗೆ ಬಿಸಿಲು ಇನ್ನೂ ಚುರುಗುಡುತ್ತಿತ್ತು. ಒಳಗೆ ಮಾತ್ರ ಹರಳೆಣ್ಣೆಯ ಕಮಟು ವಾಸನೆ. ಆ ಮನೆಯಲ್ಲಿ ಹರಳೆಣ್ಣೆಯ ದೀಪವಾಗಲಿ, ದೇವರ ಮುಂದೆ ಹಣತೆಯಾಗಲಿ ಇರಲಿಲ್ಲ.

ರೇವಂತ್ ನಕ್ಕುಬಿಟ್ಟ. ಸಣ್ಣಗೆ ಅಲ್ಲ, ತಲೆ ಹಿಂದಕ್ಕೆ ಹಾಕಿ ನಕ್ಕ.

"ಅಜ್ಜಿ, ಇದು ಕರೆಂಟಿನ ದೀಪ. ಬತ್ತಿ ಇಲ್ಲ, ಎಣ್ಣೆ ಇಲ್ಲ. ದೆವ್ವ ಬಂದು ಸ್ವಿಚ್ ಒತ್ತುತ್ತಾ?"

"ನಕ್ಕೇನಪ?"

"ನಗದೆ ಇನ್ನೇನು ಮಾಡ್ಲಿ?"

"ಆತು ಬಿಡು. ನಕ್ಕೆ. ನಾ ಕಣ್ಣಾರೆ ನೋಡಿದೆ." ಮುದುಕಿ ಎಲೆ ಅಡಿಕೆಯ ಚೀಲಕ್ಕೆ ಕೈಹಾಕಿ ಒಂದು ಸ್ಕ್ರೂಡ್ರೈವರ್ ತೆಗೆದು ಅವನ ಕೈಗಿಟ್ಟಳು. "ಬಿಚ್ಚಿಕೋ. ಬಿರ್ರನೆ ಬಿಚ್ಚಿಕೋ. ದುಡ್ಡು ಕಾಸು ಏನೂ ಬ್ಯಾಡ."

ಎಲೆ ಅಡಿಕೆಯ ಚೀಲದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ತಿರುಗುವ ಮುದುಕಿಯನ್ನು ರೇವಂತ್ ಅದುವರೆಗೆ ನೋಡಿರಲಿಲ್ಲ. ಅವನಿಗೆ ಅನುಮಾನ ಬಂತು. ಆದರೆ ಅವನ ಅನುಮಾನ ಯಾವಾಗಲೂ ಮನುಷ್ಯರ ಮೇಲೆ, ವಸ್ತುಗಳ ಮೇಲೆ ಅಲ್ಲ. ಎಲ್ಲಿಂದಲೋ ಕದ್ದ ಮಾಲಿರಬೇಕು, ಅದಕ್ಕೇ ಮುದುಕಿ ಸಾಗಹಾಕಲು ಅವಸರ ಮಾಡುತ್ತಿದ್ದಾಳೆ ಎಂದುಕೊಂಡ. ದೀಪವನ್ನು ಟವೆಲಿನಲ್ಲಿ ಸುತ್ತಿ ಬೈಕಿನ ಚೀಲಕ್ಕೆ ತುರುಕಿದ.

ರೇವಂತ್ ಮೈಸೂರಿನವನು. ನಂದಿಗುಡಿಯ ಚೈತ್ರಾಳನ್ನು ಮೆಚ್ಚಿ ಮದುವೆಯಾಗಿ, ಅವಳ ಸೀಮೆಗೇ ಬಂದು ದಾವಣಗೆರೆಯಲ್ಲಿ ಮನೆ ಹಿಡಿದಿದ್ದ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಮಾಲತೇಶಪ್ಪನವರ ದೀಪದ ಕಾರ್ಖಾನೆ. ಅಲ್ಲಿ ಹೊಸ ಮಾದರಿಗಳ ನಕ್ಷೆ ತೆಗೆಯುವುದು ಅವನ ಕೆಲಸ. ಈಗಿನ ಮನೆಗಳು ಚಿಕ್ಕವು. ಟೇಬಲ್ ದೀಪ ಇಡೋಣವೆಂದರೆ ಟೇಬಲ್ಲಿಗೇ ಜಾಗವಿಲ್ಲ. ಗೋಡೆಗೆ ಕೂರುವಂಥ, ಆಡಂಬರವಿಲ್ಲದ, ಹಳೆಯ ಕಾಲದ ಗತ್ತಿನ ದೀಪ ಬೇಕೆಂದು ಗಿರಾಕಿಗಳು ಕೇಳುತ್ತಿದ್ದರು. ಇಂಥದಕ್ಕೆ ಹೇಳುವ ಮಿನಿಮಲಿಸ್ಟ್, ಮಿಡ್ ಸೆಂಚುರಿ ಎಂಬ ಮಾತುಗಳನ್ನು ಮಾಲತೇಶಪ್ಪನವರೂ ಕಲಿತುಬಿಟ್ಟಿದ್ದರು. ಎರಕದ ಕೆಲಸಕ್ಕೆಂದು ಗುತ್ತೂರಿಗೆ ಹೋದಾಗ ತೆರೆದ ಬಾಗಿಲೊಳಗೆ ರೇವಂತನ ಕಣ್ಣಿಗೆ ಬಿದ್ದದ್ದು ಅದೇ. ಅಂಗೈಯಗಲದ ಹಿತ್ತಾಳೆ ಬಿಲ್ಲೆ, ಬಿಲ್ಲೆಯಿಂದ ಹೊರಟ ಸಪೂರ ಕಡ್ಡಿ, ಕಡ್ಡಿಯ ತುದಿಯಲ್ಲಿ ಕೆಳಮುಖವಾಗಿ ಬಾಗಿದ ಕಪ್ಪು ಟೊಪ್ಪಿಗೆ. ಇನ್ನೇನೂ ಇಲ್ಲ. ಅರವತ್ತು ಎಪ್ಪತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಒಂದು ಗೆರೆಯೂ ಹೆಚ್ಚಾಗದಂತೆ ಮಾಡಿದ್ದ. ಅದರ ಪಡಿಯಚ್ಚು ತೆಗೆದರೆ ಈ ವರ್ಷ ತನ್ನ ಹೆಸರು ನಿಂತಂತೆಯೇ ಎಂದು ರೇವಂತನಿಗೆ ಅನ್ನಿಸಿತ್ತು.

ಅವರ ಬಾಡಿಗೆ ಮನೆ ಇದ್ದದ್ದು ಮಂಡಕ್ಕಿ ಹುರಿಯುವ ಭಟ್ಟಿಗಳ ಹಿಂದಿನ ಓಣಿಯಲ್ಲಿ. ಒಂದು ಕೋಣೆ, ಅದರ ಬಾಲದಂತೆ ಒಂದು ಅಡುಗೆಮನೆ. ಭಟ್ಟಿಯ ಹೊಗೆ ಬಂದು ಬಂದು ಗೋಡೆ ಮಸುಕಾಗಿತ್ತು. ಚೈತ್ರಾ ಆ ಗೋಡೆಗೆ ಮುಖಮಾಡಿ ಹೊಲಿಗೆ ಯಂತ್ರ ಹಾಕಿಕೊಂಡು ಓಣಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಸಂಜೆಯಾದರೆ ಅವಳ ತಲೆಯ ನೆರಳೇ ಬಟ್ಟೆಯ ಮೇಲೆ ಬೀಳುತ್ತಿತ್ತು. ನಕ್ಷೆ ಮುಗಿಯುವವರೆಗೆ ದೀಪ ಅವಳ ಯಂತ್ರದ ಮೇಲಿರಲಿ ಎಂದು ರೇವಂತ್ ಪ್ರೀತಿಯಿಂದಲೇ ತಂದದ್ದು.

ತಂತಿ ನೋಡಲೆಂದು ಹಿಂದಿನ ಬಿಲ್ಲೆ ಬಿಚ್ಚಿದ. ಒಳಗೊಂದು ಗುಳಿ. ಗುಳಿಯಲ್ಲಿ ಸುರುಳಿ ಸುತ್ತಿದ ತಾಮ್ರದ ತಗಡು. ತಗಡಿಗೆ ಕಪ್ಪು ದಾರ, ದಾರದೊಳಗೆ ಅರ್ಧ ಸುಟ್ಟ ಬತ್ತಿ, ಬತ್ತಿಗೆ ಹೊಸೆದ ಉದ್ದನೆಯ ಕೂದಲು. ಕೋಣೆಯ ತುಂಬ ಹರಳೆಣ್ಣೆಯೂ ಕೂದಲೂ ಒಟ್ಟಿಗೆ ಕಮರಿದ ವಾಸನೆ ಹರಡಿತು.

"ಏನ್ರಿ ಅದು?" ಚೈತ್ರಾ ಎದ್ದು ದೂರ ಸರಿದಳು. "ಯಾರೋ ಮಾಡಿಸಿದ್ದು ಅದು. ಮುಟ್ಟಬ್ಯಾಡ್ರಿ."

"ಮಾಡಿಸಿದ್ದಲ್ಲ, ತುಂಬಿಸಿದ್ದು. ಬಿಲ್ಲೆ ಅಲ್ಲಾಡದೆ ಇರ್ಲಿ ಅಂತ." ಮುದುಕಿಯ ಮಾತನ್ನೂ ಅಣಕಿಸುತ್ತ ಹೇಳಿದ. ಚೈತ್ರಾ ನಗಲಿಲ್ಲ.

"ಹಂಗಾದ್ರೆ ದಿನಾ ನಾನೇ ಹಚ್ತೀನಿ. ನೀವು ಏನೂ ಕಿತಾಪತಿ ಮಾಡಬ್ಯಾಡ್ರಿ," ಎಂದಳು.

ಕಿತಾಪತಿ ಮಾಡದೆ ರೇವಂತನಿಗೆ ಊಟ ಸೇರುವುದಿಲ್ಲ. ತಗಡು ಕಸಕ್ಕೆ ಹೋಯಿತು. ಅದು ಬಿಟ್ಟುಹೋದ ಗುಳಿಯಲ್ಲಿ, ಕತ್ತಲಾದರೆ ದೀಪ ತಾನೇ ಹತ್ತಿಸುವ ಕಾರ್ಖಾನೆಯ ಸೆನ್ಸರ್ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಚೈತ್ರಾಳಿಗೆ ಹೇಳಲಿಲ್ಲ. ಒಂದು ದಿನ ತಾನಾಗೇ ಹತ್ತಲಿ, ಅವಳು ಬೆಚ್ಚಲಿ, ಆಮೇಲೆ ಇಬ್ಬರೂ ಸೇರಿ ನಗೋಣ ಎಂದುಕೊಂಡ.

ಮರುದಿನ ಹೊತ್ತು ಮುಳುಗುವಾಗ ಮನೆಯಲ್ಲಿ ಇಬ್ಬರೂ ಇದ್ದರು. ಚೈತ್ರಾ ಯಂತ್ರ ಬಿಟ್ಟು ಸ್ವಿಚ್ಚಿನ ಕಡೆ ಕೈ ಚಾಚಿದಳು. ಕೈ ಇನ್ನೂ ತಾಗಿರಲಿಲ್ಲ. ಟಿಕ್ ಎಂದಿತು. ದೀಪ ಹತ್ತಿತು.

ಅವಳು ಬೆಚ್ಚಿದಳು. ರೇವಂತ್ ನಕ್ಕ. ಆದರೆ ಅವನ ನಗು ಅರ್ಧಕ್ಕೇ ನಿಂತಿತು. ಅವನು ಹಾಕಿದ್ದು ಬಿಳಿ ಬೆಳಕಿನ ಬಲ್ಬು. ಗೋಡೆಯ ಮೇಲೆ ಬಿದ್ದದ್ದು ಹಳದಿ ಬೆಳಕು, ಅದೂ ಗಾಳಿಗೆ ಅಲುಗುವ ಹಣತೆಯ ಬೆಳಕು.

ಆ ರಾತ್ರಿ ಒಲೆ ಹೊತ್ತಿಸಲು ಚೈತ್ರಾ ಲೈಟರ್ ಒತ್ತಿದಳು. ಕಿಡಿ ಬರಲಿಲ್ಲ. ಬೆಂಕಿಪೊಟ್ಟಣ ತೆಗೆದಳು. ಕಡ್ಡಿ ಗೀರಿದರೆ ತಲೆ ಉದುರಿತು, ಇನ್ನೊಂದು ಗೀರಿದರೆ ಹೊಗೆಯಷ್ಟೇ. ರೇವಂತ್ ಬಂದು ಅದೇ ಪೊಟ್ಟಣದ ಕಡ್ಡಿ ಗೀರಿದ, ಭುಗ್ಗೆಂದು ಹತ್ತಿತು. ನಿನ್ನ ಕೈ ಬೆವರಿದೆ ಎಂದ. ಚೈತ್ರಾ ತನ್ನ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

ಆಮೇಲಾಮೇಲೆ ಇದು ದಿನವೂ ಆಯಿತು. ಅವಳ ಕೈಗೆ ಬೆಂಕಿ ಹತ್ತುತ್ತಿರಲಿಲ್ಲ. ಅವಳು ಒತ್ತಿದ ಸ್ವಿಚ್ಚಿಗೆ ಬಲ್ಬು ಉರಿಯುತ್ತಿರಲಿಲ್ಲ. ಅವಳ ಬೆರಳಿಗೆ ಮೊಬೈಲಿನ ಪರದೆಯೂ ಕಣ್ಣು ಬಿಡುತ್ತಿರಲಿಲ್ಲ. ಸಂಜೆಯಾದರೆ ಮಾತ್ರ ಟಿಕ್ ಎಂದು ಗೋಡೆ ದೀಪ ತಾನೇ ಹತ್ತುತ್ತಿತ್ತು.

"ನನ್ನ ಮ್ಯಾಲೆ ಆಣೆ ಇಟ್ಟು ಹೇಳ್ರಿ. ಅದರಾಗೆ ಏನೋ ಇಟ್ಟೀರಿ," ಎಂದು ಚೈತ್ರಾ ಒಂದು ದಿನ ಹಿಡಿದು ನಿಲ್ಲಿಸಿದಳು. ರೇವಂತ್ ತಪ್ಪೊಪ್ಪಿಕೊಂಡು ಅವಳ ಎದುರೇ ಸೆನ್ಸರ್ ಕಿತ್ತುಹಾಕಿದ. ಮರುದಿನ ಕಾರ್ಖಾನೆಯಿಂದ ಬಂದಾಗ ಓಣಿಯ ತುದಿಗೇ ಕಿಟಕಿಯ ಹಳದಿ ಬೆಳಕು ಕಂಡಿತು.

"ನೀನೇ ಹಚ್ಚಿದ್ದು ತಾನೇ?"

"ನನ್ನ ಕೈಲೆ ಏನೂ ಹತ್ತಂಗಿಲ್ಲ ಅಂತ ಬಡಕೊಳ್ತಿದೀನಿ, ನಿಮಗೆ ತಮಾಷೆ."

ಅವಳು ಅವನ ಜೇಬು ತಡಕುತ್ತಿದ್ದಳು, ರಿಮೋಟು ಏನಾದರೂ ಇದೆಯೋ ಎಂದು. ಅವನು ಅವಳ ಕಡೆ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಇದೆಲ್ಲ ಇವಳದೇ ನಾಟಕ, ಈ ಹೊಗೆಯ ಓಣಿ ಬಿಡಿಸಿ ನಂದಿಗುಡಿಗೆ ಎಳೆದೊಯ್ಯುವ ಹಂಚಿಕೆ ಎಂದು ಅವನ ಮನಸ್ಸು ಲೆಕ್ಕ ಹಾಕಿತು. ಹೆಂಡತಿಯನ್ನು ನಂಬುವುದಕ್ಕಿಂತ ಹೆಂಡತಿಯನ್ನು ಹಿಡಿದುಹಾಕುವುದು ಸುಲಭ ಅನ್ನಿಸಿತು ಅವನಿಗೆ.

ಹಿಡಿಯಲು ಒಂದು ಉಪಾಯ ಹೂಡಿದ. ಬೆಳಿಗ್ಗೆ ಹೊರಡುವಾಗ ದೀಪದ ಬಲ್ಬನ್ನೇ ಕಳಚಿ ಜೇಬಿಗೆ ಹಾಕಿಕೊಂಡ. ಬಲ್ಬಿಲ್ಲದೆ ಇಂದು ಬೆಳಕು ಕಂಡರೆ ಅವಳು ಅಂಗಡಿಗೆ ಹೋಗಿ ತಂದು ಹಾಕಿದ್ದಾಳೆ ಎಂದೇ ಅರ್ಥ. ಸಂಜೆ ಬೇಗ ಬಿಟ್ಟು ಬಂದು, ಬೈಕನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ, ಕಿಟಕಿಯ ಮಗ್ಗುಲಲ್ಲಿ ನಿಂತ.

ಭಟ್ಟಿಗಳಲ್ಲಿ ಆಗಲೇ ಹೊಟ್ಟು ಉರಿಯುತ್ತಿತ್ತು. ಹೊಗೆ ನೆಲ ಹಿಡಿದು ಹರಿಯುತ್ತಿತ್ತು. ಒಳಗೆ ಚೈತ್ರಾ ಯಂತ್ರದ ಮುಂದೆ ಕೂತಿದ್ದಳು. ಹೊಲಿಯುತ್ತಿರಲಿಲ್ಲ. ಅವಳ ಕೈ ಸ್ವಿಚ್ಚಿನ ಮೇಲಿತ್ತು. ಒತ್ತಿದಳು. ಏನೂ ಇಲ್ಲ. ತೆಗೆದಳು, ಒತ್ತಿದಳು. ಏನೂ ಇಲ್ಲ. ಅವಳು ಅಳುತ್ತಿದ್ದಳು. ಸದ್ದಿಲ್ಲದೆ, ಯಾರಿಗೂ ತೋರಿಸಲಿಕ್ಕಲ್ಲದ ಅಳು ಅದು. ರೇವಂತನ ಕೈ ಜೇಬಿಗೆ ಹೋಯಿತು. ಬಲ್ಬು ಅಲ್ಲೇ ಇತ್ತು.

ಹೊತ್ತು ಮುಳುಗಿತು.

ಟಿಕ್.

ಹತ್ತಿತು. ಬಲ್ಬಿಲ್ಲದ ಟೊಪ್ಪಿಗೆಯೊಳಗೆ ಹತ್ತಿತು. ಹಳದಿ ಬೆಳಕು ಇಳಿಯಿತು. ಯಂತ್ರದ ಚಕ್ರದ ಮೇಲೆ ಬಿತ್ತು. ಸೂಜಿಯ ಮೇಲೆ ಬಿತ್ತು. ಕೆಂಪು ರವಿಕೆಯ ಮೇಲೆ ಬಿತ್ತು. ಕುರ್ಚಿಯ ಮೇಲೆ ಬಿತ್ತು. ಚೈತ್ರಾಳ ಮೇಲೆ ಬೀಳಲಿಲ್ಲ. ಅವಳಿದ್ದಲ್ಲಿ ಕತ್ತಲಿತ್ತು. ಅವಳಷ್ಟೇ ಅಳತೆಯ ಕತ್ತಲು. ಅವಳ ಹಿಂದಿನ ಗೋಡೆ ಬೆಳಗುತ್ತಿತ್ತು. ಅವಳ ನೆರಳು ಅಲ್ಲಿರಲಿಲ್ಲ. ಕತ್ತಲು ಅಲುಗಿತು. ಕತ್ತಲು ಅವನ ಕಡೆ ತಿರುಗಿತು.

"ರೀ," ಎಂದಿತು ಚೈತ್ರಾಳ ದನಿ, ಎಷ್ಟೋ ದೂರದಿಂದ. "ನಾನು ನಿಮಗೆ ಕಾಣ್ತೀನೇನ್ರಿ?"

ರೇವಂತ್ ಒಳಗೆ ಓಡಿದ. ಆ ಕತ್ತಲನ್ನು ಅಪ್ಪಿಕೊಂಡ. ಅವಳ ಮೈ ಇತ್ತು, ಬೆಚ್ಚಗಿತ್ತು. ಮುಖ ಮಾತ್ರ ಎಷ್ಟು ಹತ್ತಿರ ಹೋದರೂ ಕಾಣಲಿಲ್ಲ. ತಾನು ಅವಳನ್ನು ಕಳ್ಳಿಯಂತೆ ಕಾದೆನಲ್ಲ ಎಂಬ ನಾಚಿಕೆಗೂ ಭಯಕ್ಕೂ ಅವನು ಗಟ್ಟಿಯಾಗಿ ಅತ್ತ.

ಮರುದಿನ ದೀಪ ಕಟ್ಟಿಕೊಂಡು ಗುತ್ತೂರಿಗೆ ಹೋದರೆ ಮುದುಕಿಯ ಮನೆಗೆ ಬೀಗ. ಪಕ್ಕದ ಮನೆಯ ಹುಲಿಗೆಮ್ಮ ಹೊರಬಂದು, "ಅಂಜಿನವ್ವನಾ? ಅಕಿ ಈಗ ಮನ್ಯಾಗೆ ಎಲ್ಲಿರ್ತಾಳೆ! ಹರಿಹರದ ಹೊಳೆ ದಂಡ್ಯಾಗೆ ನೋಡ್ರಿ. ನಾ ಮದುವೆಯಾಗಿ ಬಂದಾಗಿಂದ ಅಕಿ ಸಂಜಿ ಹೊತ್ತು ಹೊಸ್ತಿಲು ದಾಟಿದ್ದು ನೋಡಿದ್ದಿಲ್ಲ. ಮಗಳ ಬಾಣಂತನಕ್ಕೂ ಹೋಗಲಿಲ್ಲ. ಈಗ ದಿನಾ ತಿರುಗಾಟ," ಎಂದಳು.

ತುಂಗಭದ್ರೆಯ ಮೆಟ್ಟಿಲ ಮೇಲೆ ಅಂಜಿನವ್ವ ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದಳು. ಮಡಿಲಲ್ಲಿ ಮಂಡಕ್ಕಿ, ಕೈಯಲ್ಲಿ ಕಡಿದ ಮೆಣಸಿನಕಾಯಿ. ಅವನನ್ನು ಕಂಡು ಓಡಲೂ ಇಲ್ಲ, ಬೆದರಲೂ ಇಲ್ಲ.

"ತಾನಾಗೇ ಹತ್ತಿತೇನು?" ಎಂದಳು.

"ನೀವು ಬೇಕಂತಲೇ ಕೊಟ್ರಿ."

"ಕೊಟ್ರೆ ಹೋಗಂಗಿಲ್ಲಪ ಅದು. ಮಾರಿದ್ರೂ ಹೋಗಂಗಿಲ್ಲ, ಹೊಳಿಗೆ ಹಾಕಿದ್ರೂ ಸಂಜಿಗೆ ಗ್ವಾಡೆ ಮ್ಯಾಲೆ ಬಂದಿರ್ತೈತೆ. ಕೈಲೆ ಹಚ್ಚಬೇಕು, ತಾನಾಗೇ ಹತ್ತಿದ್ರೆ ಏನಾಗ್ತೈತೆ ಅನ್ನೋದನ್ನ ಪೂರಾ ಹೇಳಬೇಕು, ಒಂದೂ ಮುಚ್ಚಿಡದಂಗೆ. ಕೇಳಿದೋರು ನಗಬೇಕು. ನಕ್ಕೋರ ಹಿಂದೆ ಹೋಗ್ತೈತೆ. ಸುಳ್ಳುಸುಳ್ಳೇ ನಕ್ಕರೂ ಸಾಕು. ನಿನ್ನ ಮನೆಯೋರು ನಕ್ರೆ ಮಾತ್ರ ಲೆಕ್ಕಕ್ಕಿಲ್ಲ, ಅದು ಹೊಸ್ತಿಲು ದಾಟಬೇಕು."

ಮುದುಕಿ ಉಳಿದದ್ದನ್ನೂ ಹೇಳಿದಳು. ಅವಳು ಹುಡುಗಿಯಾಗಿದ್ದ ಕಾಲದಲ್ಲಿ ಒಬ್ಬ ದೊಡ್ಡ ಅಧಿಕಾರಿ ತನ್ನ ಬಂಗಲೆಗೆಂದು ಹೊಳೆ ದಂಡೆಯ ಗುಡಿಸಲು ಕೀಳಿಸಿದ್ದ. ಹೊತ್ತು ಮುಳುಗುವ ಹೊತ್ತು; ಒಬ್ಬ ಹೆಂಗಸು ಹಚ್ಚುತ್ತಿದ್ದ ಹಣತೆಯನ್ನು ಅವನ ಆಳು ಕಾಲಿನಿಂದ ಒದ್ದ. ನಿನ್ನ ಮನೆಗೆ ದೀಪ ಹಚ್ಚೋರು ಇಲ್ಲದಂಗಾಗಲಿ ಎಂದು ಅವಳು ಶಪಿಸಿದಳು. ಅಧಿಕಾರಿ ನಕ್ಕ. ಅವಳು ಆ ಬತ್ತಿಗೆ ತನ್ನ ಕೂದಲು ಹೊಸೆದು, ಮಾಟಗಾರನಿಂದ ತಗಡು ಬರೆಸಿ, ಬಂಗಲೆಯ ಹೊಸ ದೀಪದೊಳಗೆ ಇಡಿಸಿದಳು. ಅಲ್ಲಿಂದ ಅದು ನಕ್ಕವರ ಬೆನ್ನು ಹಿಡಿದು ಬಂತು.

"ನಾನೂ ನಕ್ಕಿದ್ದೆ. ಆ ಬಂಗಲ್ಯಾಗೆ ಕಸ ಹೊಡೆಯೋ ಹುಡುಗಿ ನಾನು, ಬಂಗಲೆಯೋರು ಹೇಳಿದಾಗ ನಕ್ಕುಬಿಟ್ಟೆ. ಆಮ್ಯಾಲೆ ಊರಾಗೆ ಕಂಡಕಂಡೋರಿಗೆ ಹೇಳಿದೆ, ಯಾರೂ ನಗಲಿಲ್ಲ. ಎಲ್ಲರೂ ಅಂಜಿದ್ರು. ನೀನೊಬ್ಬ ನಕ್ಕೆ. ನಿಂಗೆ ಪುಣ್ಯ ಬರಲಿ."

ರೇವಂತ್ ಅಲ್ಲೇ ಅವಳ ಕಾಲು ಹಿಡಿದು ಎಲ್ಲವನ್ನೂ ಮೊದಲಿಂದ ಹೇಳಿದ. ನಗು ಅಜ್ಜಿ, ನನ್ನ ಹೆಂಡತಿ ಉಳೀತಾಳೆ ಎಂದು ಅಂಗಲಾಚಿದ. ಅಂಜಿನವ್ವ ಸಾವಧಾನವಾಗಿ ಕೇಳಿದಳು. "ನಿನ್ನ ಹೆಂಡ್ತಿ ನೆನೆದ್ರೆ ಸಂಕಟ ಆಗ್ತೈತಪ. ಆದ್ರೆ ನಾ ನಗಂಗಿಲ್ಲ," ಎಂದು ಮಂಡಕ್ಕಿ ಬಾಯಿಗೆ ಹಾಕಿಕೊಂಡಳು.

ರೇವಂತ್ ಕಂಡವರಿಗೆಲ್ಲ ಹೇಳತೊಡಗಿದ. ಗುಜರಿ ಅಂಗಡಿಯ ಅಬ್ದುಲ್ ರಹೀಮ್ ಕೆನ್ನೆ ಬಡಿದುಕೊಂಡು, "ತೋಬಾ ತೋಬಾ, ಸಾರ್, ಹಿತ್ತಾಳೆ ಬಂಗಾರ ಆಗಿದ್ರೂ ನಂಗೆ ಬ್ಯಾಡ," ಎಂದ. ಮಾಲತೇಶಪ್ಪನವರು ಮಾದರಿಯನ್ನೇ ಕೈಬಿಟ್ಟು, ಕಾರ್ಖಾನೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದರು. ಯಾರೂ ನಗಲಿಲ್ಲ. ಹೇಗೆ ನಕ್ಕಾರು? ಹೇಳುವವನ ತುಟಿ ನಡುಗುತ್ತಿತ್ತು, ಕಣ್ಣಲ್ಲಿ ನೀರಿತ್ತು. ನಂಬಿದವನ ಬಾಯಿಂದ ಆ ಮಾತು ಯಾರನ್ನೂ ನಗಿಸುವುದಿಲ್ಲ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಚೈತ್ರಾ ಹಗಲಿನಲ್ಲೂ ಮಸುಕಾಗಿದ್ದಳು. ಬಿಸಿಲಿಗೆ ನಿಂತರೂ ಅವಳ ಮುಖ ಮುಸ್ಸಂಜೆಯಲ್ಲಿ ಕಂಡಂತೆ ಕಾಣುತ್ತಿತ್ತು. ಓಣಿಯ ಹೆಂಗಸರು ಬಾಗಿಲಿಗೆ ಬಂದು, ಅವಳ ಎದುರೇ ನಿಂತು, ಮನ್ಯಾಗೆ ಯಾರೂ ಇಲ್ಲೇನೋ ಎಂದು ತಿರುಗಿ ಹೋಗುತ್ತಿದ್ದರು.

ಆಗ ರೇವಂತ್ ತಮಾಷೆಯಾಗಿ ಹೇಳುವುದನ್ನು ಕಲಿತ. ಬೈಕಿನಲ್ಲಿ ಹೋಗುವಾಗ ಒಬ್ಬನೇ ಹೇಳಿಕೊಂಡ. ಮುದುಕಿಯ ದನಿ, ದೆವ್ವದ ದನಿ, ಸ್ವಿಚ್ಚಿನ ಟಿಕ್ ಎಲ್ಲವನ್ನೂ ಬಾಯಲ್ಲಿ ಮಾಡಿದ. ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣರಳಿಸಬೇಕು ಎಂದು ಕನ್ನಡಿಯ ಮುಂದೆ ನಿಂತು ತಿದ್ದಿಕೊಂಡ. ಒಂದು ಸುಳ್ಳೂ ಸೇರಿಸಲಿಲ್ಲ, ಒಂದು ನಿಜವೂ ಬಿಡಲಿಲ್ಲ.

ಕಾರ್ಖಾನೆಗೆ ಯೋಗರಾಜ್ ಎಂಬುವನು ಹೆಂಡತಿ ಯಶೋದಾಳೊಂದಿಗೆ ಬಂದಿದ್ದ. ಹರಿಹರದಲ್ಲಿ ಸಣ್ಣ ಮನೆ ಕಟ್ಟಿಸಿದ್ದಾರೆ, ಗೋಡೆಗೊಂದು ಚಂದದ ದೀಪ ಬೇಕು. ಯಶೋದಾಳ ಸೊಂಟದ ಮೇಲೆ ಹಲ್ಲು ಬರುತ್ತಿರುವ ಕೂಸು. ರೇವಂತ್ ದೀಪ ತೋರಿಸಿದ. ಅವರಿಗೆ ಕಂಡೊಡನೆ ಹಿಡಿಸಿತು. "ಆದ್ರೆ ಇದಕ್ಕೊಂದು ಮಾಟ ಇದೆ, ಕೇಳ್ಬಿಡಿ," ಎಂದು ರೇವಂತ್ ಶುರು ಮಾಡಿದ. ಟಿಕ್ ಎನ್ನುವಲ್ಲಿಗೆ ಯೋಗರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. ಯಶೋದಾ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ಅಮ್ಮ ನಗುವುದನ್ನು ನೋಡಿ ಕೂಸೂ ಕೇಕೆ ಹಾಕಿ ನಕ್ಕಿತು.

"ಪಾಪುಗೆ ರಾತ್ರಿ ಕತ್ತಲಾಗಬಾರದು ನೋಡ್ರಿ. ತಾನಾಗೇ ಹತ್ತೋ ಹಂಗೆ ಮಾಡಿಸ್ತೀವಿ," ಎಂದ ಯೋಗರಾಜ್. ರೇವಂತ್ ದೀಪವನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟ.

ಮನೆಗೆ ಬಂದಾಗ ಚೈತ್ರಾ ಅಡುಗೆಮನೆಯಲ್ಲಿ ಕಡ್ಡಿ ಗೀರುತ್ತಿದ್ದಳು. ಕಡ್ಡಿ ಹತ್ತಿತು. ಬೆಂಕಿಯ ಬೆಳಕು ಅವಳ ಮೂಗಿನ ಮೇಲೆ, ಕೆನ್ನೆಯ ಮೇಲೆ, ಒದ್ದೆ ಕಣ್ಣಿನ ಮೇಲೆ ಬಿತ್ತು. ಎಷ್ಟು ದಿನಗಳ ಮೇಲೆ ಕಂಡ ಮುಖ! ರೇವಂತನ ಎದೆ ತುಂಬಿಬಂತು. ಕಡ್ಡಿ ಬೆರಳು ಸುಡುವವರೆಗೆ ಇಬ್ಬರೂ ನೋಡುತ್ತ ನಿಂತರು.

"ಯಾರು ನಕ್ರು?" ಎಂದಳು.

ಹೇಳಿದ. ಸಂತೋಷದಲ್ಲಿ ಮೈಮರೆತು, ಹೇಗೆ ನಗಿಸಿದೆನೆಂಬುದನ್ನೂ ಅಭಿನಯಿಸಿ ತೋರಿಸಿದ. ಕೂಸಿನ ಕೇಕೆಯನ್ನೂ ಬಿಡಲಿಲ್ಲ.

"ಹರಿಹರದಾಗೆ ಎಲ್ಲಿ ಅವರ ಮನಿ?" ಎಂದಷ್ಟೇ ಕೇಳಿದಳು ಚೈತ್ರಾ.

ಮರುದಿನ ಹೊತ್ತು ಮುಳುಗುವ ಮೊದಲೇ ಅವನು ಬಂದಾಗ ಬಾಗಿಲಿಗೆ ಚಿಲಕ. ಒಳಗೆ ಕತ್ತಲು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು, ಅವಳ ಚೀಲ ಇರಲಿಲ್ಲ. ಫೋನ್ ಮಾಡಿದ. ಎಷ್ಟೋ ಹೊತ್ತಿನ ಮೇಲೆ ಎತ್ತಿದಳು. ಹಿಂದೆ ಬಸ್ಸಿನ ಸದ್ದು, ಆಮೇಲೆ ಗದ್ದೆಯ ಕಪ್ಪೆಗಳ ಸದ್ದು.

"ಚೈತ್ರಾ, ಎಲ್ಲಿದೀಯ?"

"ನಂದಿಗುಡ್ಯಾಗೆ. ಬಸ್ಸು ಈಗ ಇಳಿಸಿ ಹೋತು. ಹರಿಹರಕ್ಕೆ ಹೋಗಿದ್ದೆ. ಗ್ವಾಡಿಗೆ ಇನ್ನೂ ಹಾಕಿದ್ದಿಲ್ಲ ಅವರು. ಆ ದೀಪ ನಂಗೆ ಬೇಕು ಅಂದೆ. ತಮಾಷಿ ಕೇಳ್ರಿ ಅಂತ ಅವರೂ ಹೇಳಿದ್ರು. ನೀವು ಹೇಳಿದಂಗೇ ಹೇಳಿದ್ರು, ಒಂದೂ ಬಿಡದಂಗೆ. ಕೂಸು ನನ್ನ ತೊಡಿ ಮ್ಯಾಲೆ ಕೂತಿತ್ತು."

"ಚೈತ್ರಾ, ಬೇಡ..."

"ನಾನು ನಕ್ಕೆ."

ಈಗಲೇ ಬರುತ್ತೇನೆ, ಮತ್ತೆ ಯಾರಿಗಾದರೂ ಹೇಳೋಣ, ಮತ್ತೆ ನಗಿಸೋಣ ಎಂದು ರೇವಂತ್ ಏನೇನೋ ತೊದಲಿದ.

"ನೀವು ಬರಬ್ಯಾಡ್ರಿ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರಿಗೂ ಹೇಳೋದೂ ಬ್ಯಾಡ. ದೀಪ ನನ್ನ ಚೀಲದಾಗೈತೆ, ನಾನು ಇರೋತನಕ ಕೈಲೆ ಹಚ್ತೀನಿ. ಫೋನ್ ಇಡ್ತೀನಿ, ಹೊತ್ತು ಮುಳುಗ್ತೈತೆ."